ಸಾವಿನ ಮನೆಯಲ್ಲಿ ಹೆಣ್ಣು

(ಸ್ವಸಹಾಯ ಗುಂಪುಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಸಾವಿನ ವಿಚಾರ ಮಾತಾಡೋಣ ಎಂದ ಕೂಡಲೇ ಕೆಲವರ ಮುಖ ಸಪ್ಪಗಾಯಿತು. ಅಪಶಕುನ ಎಂದುಕೊಳ್ಳಬೇಡಿ. ಸಾವು ಎಲ್ಲರ ಮನೆಗೂ ಬರುತ್ತದೆ. ಬಂದ ಮೇಲೆ ನಡೆಯುವುದು ಮಾತ್ರ ಮನೆಗೊಂದು ಬಗೆ.

ಒಂದೇ ಊರಲ್ಲಿ ನೋಡಿ. ಬ್ರಾಹ್ಮಣರು ಸುಡುತ್ತಾರೆ, ಹತ್ತು ದಿನ ಸೂತಕ ಹಿಡಿಯುತ್ತಾರೆ. ಲಿಂಗಾಯತರು ಇಷ್ಟಲಿಂಗದೊಂದಿಗೆ ಕುಳಿತ ಭಂಗಿಯಲ್ಲಿ ಹೂಳುತ್ತಾರೆ. ಮುಸ್ಲಿಮರು ಬಿಳಿ ಕಫನ್ ಸುತ್ತಿ ಆದಷ್ಟು ಬೇಗ ಮಣ್ಣು ಮಾಡುತ್ತಾರೆ. ಒಂದು ಕೇರಿಯಲ್ಲಿ ಹಾಡಿಕೊಂಡು ಅಳದಿದ್ದರೆ ಮರ್ಯಾದೆಯಿಲ್ಲ, ಇನ್ನೊಂದರಲ್ಲಿ ಗಟ್ಟಿಯಾಗಿ ಅಳುವುದೇ ತಪ್ಪು. ಯಾವುದು ಸರಿ ಎಂದು ತೀರ್ಪು ಕೊಡಲು ನಾನು ಬಂದಿಲ್ಲ. ದುಃಖಕ್ಕೂ ಒಂದು ದಾರಿ ಬೇಕಲ್ಲ.

ನನ್ನ ಪ್ರಶ್ನೆ ಬೇರೆ. ಹೆಂಡತಿ ಸತ್ತಾಗ ಗಂಡನ ಮೈಮೇಲಿಂದ ಏನನ್ನು ಕಿತ್ತುಕೊಳ್ಳುತ್ತೇವೆ? ಅವಳಿಗೆ ಅರಿಶಿನ ಕುಂಕುಮ ಹಚ್ಚಿ, ಹೊಸ ಸೀರೆ ಉಡಿಸಿ, 'ಮುತ್ತೈದೆ ಸಾವು, ಪುಣ್ಯವಂತೆ' ಎಂದು ಕಳಿಸುತ್ತೇವೆ. ಬದುಕಿದ್ದಾಗ ಅವಳು ತಿಂದ ಏಟನ್ನು ಆ ಹೊತ್ತಿನಲ್ಲಿ ಯಾರೂ ನೆನೆಯುವುದಿಲ್ಲ. ವರ್ಷ ತುಂಬುವ ಮೊದಲೇ ಅವನಿಗೆ ಹೆಣ್ಣು ನೋಡುತ್ತೇವೆ. ಗಂಡ ಸತ್ತರೋ, ಬಳೆ ಒಡೆದು, ಕುಂಕುಮ ಒರೆಸಿ, ತಾಳಿ, ಕಾಲುಂಗುರ ತೆಗೆಸುತ್ತೇವೆ. ಆ ಕೆಲಸಕ್ಕೆ ಬಹಳ ಕಡೆ ಇನ್ನೊಬ್ಬ ವಿಧವೆಯನ್ನೇ ಮುಂದೆ ಬಿಡುತ್ತೇವೆ.

ಶಾಸ್ತ್ರ ಮೀರಬಾರದು ಎನ್ನುತ್ತಾರೆ. ನಮ್ಮ ಅಜ್ಜಿಯರ ಕಾಲದಲ್ಲಿ ಬ್ರಾಹ್ಮಣ ವಿಧವೆಯರ ತಲೆ ಬೋಳಿಸಿ ಕೆಂಪು ಸೀರೆ ಉಡಿಸುತ್ತಿದ್ದರು. ಅದು ನಿಂತಿತು, ಧರ್ಮವೇನೂ ಮುಳುಗಲಿಲ್ಲ. ಮುಸ್ಲಿಮರಲ್ಲಿ ವಿಧವೆಗೆ ಇದ್ದತ್ ಎಂದರೆ 4 ತಿಂಗಳು 10 ದಿನ, ಗರ್ಭಿಣಿಯಾಗಿದ್ದರೆ ಹೆರಿಗೆಯವರೆಗೆ. ಆಮೇಲೆ ಅವಳು ಮದುವೆಯಾಗಬಹುದು. ಅಲ್ಲಿ ಶೋಕಕ್ಕೊಂದು ಕೊನೆಯಿದೆ. ಉತ್ತರ ಕರ್ನಾಟಕದ ಹಲವು ಜಾತಿಗಳಲ್ಲಿ ಉಡಿಕೆ ಎಂಬ ಮರುಮದುವೆ ಮೊದಲಿನಿಂದಲೂ ಇತ್ತು. 12ನೆಯ ಶತಮಾನದ ಶರಣರು ಸೂತಕವನ್ನೇ ತಳ್ಳಿಹಾಕಿದರು. ಆದರೂ ಅವರ ಹೆಸರು ಹೇಳುವ ಮನೆಗಳಲ್ಲೂ ಬಳೆ ಒಡೆಯುವುದು ಪೂರ್ತಿ ನಿಂತಿಲ್ಲ ನೋಡಿ!

ನಮ್ಮ ಗಡಿಯ ಪಕ್ಕದಲ್ಲೇ, ಕೊಲ್ಲಾಪುರ ಜಿಲ್ಲೆಯಲ್ಲಿ ಹೇರವಾಡ ಎಂಬ ಹಳ್ಳಿಯಿದೆ. ಕೊರೋನಾದಲ್ಲಿ ಎಳೆಯ ಪ್ರಾಯದ ಎಷ್ಟೋ ಹೆಣ್ಣುಮಕ್ಕಳು ಗಂಡನನ್ನು ಕಳೆದುಕೊಂಡಿದ್ದರು. 2022ರ ಮೇ ತಿಂಗಳಲ್ಲಿ ಅಲ್ಲಿನ ಗ್ರಾಮಸಭೆ ಈ ಪದ್ಧತಿಗಳನ್ನು ಕೈಬಿಡುವ ಠರಾವು ಮಾಡಿತು. ಉಳಿದ ಪಂಚಾಯ್ತಿಗಳೂ ಹೀಗೆ ಮಾಡಲಿ ಎಂದು ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಸುತ್ತೋಲೆ ಹೊರಡಿಸಿತು. ಠರಾವು ಮಾಡಿದ್ದು ದೊಡ್ಡ ಮಠವಲ್ಲ, ನಿಮ್ಮಂಥದೇ ಒಂದು ಊರು.

ಬಳೆಯ ಮಾತಷ್ಟೇ ಆಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಅವಳು ಮೂಲೆಯಲ್ಲಿ ಮುಖ ಮುಚ್ಚಿ ಕೂತ ಆ ದಿನಗಳಲ್ಲೇ ಭಾವ ಮೈದುನರು ಕಾಗದ ತರುತ್ತಾರೆ, 'ಇಲ್ಲೊಂದು ಹೆಬ್ಬೆಟ್ಟು ಒತ್ತಮ್ಮ' ಎನ್ನುತ್ತಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಗಂಡ ಉಯಿಲು ಬರೆಯದೆ ಸತ್ತರೆ ಅವನ ಆಸ್ತಿಯಲ್ಲಿ ಮಗ, ಮಗಳು, ಅತ್ತೆಯ ಸಮಕ್ಕೆ ಹೆಂಡತಿಗೂ ಪಾಲಿದೆ. ಹಾಗೆ ಬಂದ ಪಾಲು ಮರುಮದುವೆಯಾದರೂ ಹೋಗುವುದಿಲ್ಲ. ಮುಸ್ಲಿಂ ವಿಧವೆಗೆ ಮಕ್ಕಳಿದ್ದರೆ ಎಂಟನೆಯ ಒಂದು, ಇಲ್ಲದಿದ್ದರೆ ನಾಲ್ಕನೆಯ ಒಂದು ಪಾಲು.

ಆದ್ದರಿಂದ ಸಂಘದ ಸದಸ್ಯೆಯ ಮನೆಯಲ್ಲಿ ಇಂಥ ಸಾವಾದರೆ ಇಬ್ಬರು ಹೋಗಿ ಅವಳ ಪಕ್ಕದಲ್ಲೇ ಕೂತಿರಿ. ಬಳೆಗೆ ಕೈ ಹಾಕಿದವರಿಗೆ 'ಮೊದಲು ಅವಳನ್ನು ಕೇಳಿ' ಎನ್ನಿ. ಸೂತಕ ಕಳೆಯುವ ತನಕ ಯಾವ ಕಾಗದಕ್ಕೂ ಸಹಿ ಬೇಡ. ಪಹಣಿ, ಪಾಸ್‌ಪುಸ್ತಕ ಎಲ್ಲಿವೆ ಎಂದು ವಿಚಾರಿಸಿ. 21 ದಿನದೊಳಗೆ ಮರಣ ನೋಂದಣಿ ಮಾಡಿಸಿ, ಪ್ರಮಾಣಪತ್ರ ಅವಳ ಕೈಗೇ ಕೊಡಿಸಿ.