ಮುತ್ತು ಬಿಚ್ಚಿದ ಮೇಲೆ



ನಾವು ಬೆಳಗಾವಿ ಜಿಲ್ಲೆಯಿಂದ ಬಂದವರು. ನಮ್ಮ ಸಂಘದಲ್ಲಿ ಮುತ್ತು ಕಟ್ಟಿಸಿಕೊಂಡ ಹೆಂಗಸರೇ ಹೆಚ್ಚು. ಸರಕಾರದ ಕಾಗದದಲ್ಲಿ ದೇವದಾಸಿ ಅಂತ ಬರೀತಾರೆ. ಊರಲ್ಲಿ ಜೋಗತಿ ಅಂದರು, ಬಸವಿ ಅಂದರು. ಇನ್ನೂ ಕೆಟ್ಟ ಮಾತೂ ಅಂದರು, ಅದು ಇಲ್ಲಿ ಬೇಡ. ಮುರಿದ ಬದುಕನ್ನು ಮತ್ತೆ ಕಟ್ಟೋದು ಹೇಗೆ ಅಂತ ಹೇಳಿ ಎಂದು ನಿಮ್ಮ ಅಕ್ಷರ ಕೇಂದ್ರದವರು ಕರೆದರು. ನಾವು ಕಂಡದ್ದನ್ನು ಹೇಳ್ತೀವಿ.

ಮುತ್ತು ಅಂದ್ರೆ ಕೆಂಪು ಬಿಳಿ ಮಣಿಯ ಸರ. ಅದನ್ನು ಸಣ್ಣ ಹುಡುಗಿಯ ಕೊರಳಿಗೆ ಕಟ್ಟಿದರೆ ಮುಗೀತು. ಆಕೆ ಎಲ್ಲಮ್ಮನಿಗೆ ಸೇರಿದವಳು. ಆಕೆಗೆ ಮದುವೆ ಇಲ್ಲ. ಮಂಗಳವಾರ, ಶುಕ್ರವಾರ ಪಡ್ಲಿಗೆ ಹಿಡಿದು ಮನೆ ಮನೆಗೆ ಜೋಗ ಬೇಡಬೇಕು. ದೊಡ್ಡವಳಾದ ಮೇಲೆ ಯಾರೋ ಒಬ್ಬ ಇಟ್ಟುಕೊಳ್ತಾನೆ. ಕೆಲವು ವರ್ಷ ಬರ್ತಾನೆ, ಆಮೇಲೆ ಬಿಡ್ತಾನೆ. ಮಕ್ಕಳು ನಮ್ಮವು. ಹೊಲ ಮನೆ ಅವನವು.

ಯಾಕೆ ಕಟ್ಟುತ್ತಿದ್ದರು? ಗಂಡು ಮಕ್ಕಳಿಲ್ಲದ ಮನೆಯಲ್ಲಿ ಒಬ್ಬ ಮಗಳು ಉಳಿಯಲಿ, ಮುಪ್ಪಿನಲ್ಲಿ ನೋಡಿಕೊಳ್ಳಲಿ ಅಂತ ಕಟ್ಟುತ್ತಿದ್ದರು. ಮನೆಯಲ್ಲಿ ರೋಗ ಬಂದರೆ ಹರಕೆ ಹೊರುತ್ತಿದ್ದರು. ಹುಡುಗಿಯ ತಲೆಯಲ್ಲಿ ಜಟೆ ಬಂದರೆ ದೇವಿ ಕರೆದಳು ಅನ್ನುತ್ತಿದ್ದರು. ಇದು ಹೆಚ್ಚಾಗಿ ದಲಿತರ ಕೇರಿಯಲ್ಲೇ ನಡೆಯಿತು. ನೋಡ್ರಿ, ದೇವಿ ಕರೀತಾಳೆ ಅಂದ್ರೆ ಬಡವರ ಮನೆ ಹುಡುಗಿಯರನ್ನೇ ಯಾಕೆ ಕರೀಬೇಕು?

1982ರಲ್ಲಿ ಕರ್ನಾಟಕ ಸರಕಾರ ಕಾನೂನು ಮಾಡಿತು. ಮುತ್ತು ಕಟ್ಟೋದು ಅಪರಾಧ ಅಂತ ಆಯಿತು. ಕಟ್ಟಿದವರಿಗೆ 3 ವರ್ಷದವರೆಗೆ ಜೈಲು. ಹೆತ್ತವರು, ಬಂಧುಗಳು ಕಟ್ಟಿದರೆ 5 ವರ್ಷದವರೆಗೆ. ಮುತ್ತು ಕಟ್ಟಿಸಿಕೊಂಡವಳು ಮದುವೆ ಆದರೆ ಆ ಮದುವೆ ಸರಿ ಅಂತಲೂ ಆ ಕಾನೂನು ಹೇಳಿತು. ಒಳ್ಳೇದಾಯಿತು. ಆದರೆ ಕಾನೂನಿನ ಪುಸ್ತಕದಿಂದ ಒಲೆ ಉರಿಯೋದಿಲ್ಲ. ಮುತ್ತು ಬಿಚ್ಚಿ ಇಡು ಅಂದರು. ಬಿಚ್ಚಿಟ್ಟು ನಾಳೆ ಏನು ತಿನ್ನೋದು?

1990ರ ನಂತರದ ವರ್ಷಗಳಲ್ಲಿ ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮದವರು, ಮೈರಾಡ ಸಂಸ್ಥೆಯವರು ನಮ್ಮ ಜಿಲ್ಲೆಯ ಹಳ್ಳಿಗಳಿಗೆ ಬಂದರು. ಮೊದಮೊದಲು ನಮ್ಮ ಹೆಂಗಸರು ಬಾಗಿಲು ಹಾಕಿಕೊಂಡರು. ಪೊಲೀಸರಿಗೆ ಹಿಡಿದು ಕೊಡ್ತಾರೆ ಅನ್ನೋ ಭಯ. ಅವರು ಬಿಡಲಿಲ್ಲ. ಮತ್ತೆ ಬಂದರು, ಕಟ್ಟೆ ಮೇಲೆ ಕುಳಿತರು, ನಮ್ಮ ಮನೆ ಚಹಾ ಕುಡಿದರು. ನಮ್ಮ ಮನೆಯ ನೀರು ಮುಟ್ಟದವರನ್ನೇ ಕಂಡಿದ್ದ ನಮಗೆ ಆ ಚಹಾ ಸಣ್ಣ ಮಾತಾಗಿರಲಿಲ್ಲ.

1997ರಲ್ಲಿ ಘಟಪ್ರಭಾದಲ್ಲಿ ಮಾಸ್ ಅನ್ನೋ ಸಂಸ್ಥೆ ಹುಟ್ಟಿತು. ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಅಂತ ಅದರ ಪೂರ್ತಿ ಹೆಸರು. ಅದನ್ನು ನಡೆಸಿದವರು ಬೇರೆ ಯಾರೋ ಅಲ್ಲ, ಮುತ್ತು ಕಟ್ಟಿಸಿಕೊಂಡಿದ್ದ ಹೆಂಗಸರೇ. ಅವರಲ್ಲಿ ಸೀತವ್ವ ಜೋಡಟ್ಟಿ ಒಬ್ಬರು. ಏಳನೇ ವಯಸ್ಸಿಗೆ ಅವರಿಗೆ ಮುತ್ತು ಕಟ್ಟಿದ್ದರು. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು.

ಈಗ ಸಂಘದ ಮಾತು. ಬಡ ಹೆಂಗಸಿಗೆ ಒಂದು ಆಡು ಕೊಟ್ಟರೆ ಆಯಿತಲ್ಲ ಅಂತ ಕೆಲವರು ಕೇಳ್ತಾರೆ. ಆಗೋದಿಲ್ಲ. ಒಂಟಿ ಹೆಂಗಸಿಗೆ ಆಡು ಕೊಡ್ರಿ. ಮಗುವಿಗೆ ಜ್ವರ ಬಂದ ದಿನ ಅದು ಸಂತೆಗೆ ಹೋಗ್ತದೆ, ಅರ್ಧ ಬೆಲೆಗೆ. ಸಂಘ ಇದ್ದರೆ ಹಾಗಲ್ಲ. ವಾರಕ್ಕೊಮ್ಮೆ ಕೂಡ್ತೀವಿ. ಎಲ್ಲರೂ ಕೈಲಾದಷ್ಟು ಉಳಿತಾಯ ಹಾಕ್ತೀವಿ. ಜ್ವರ ಬಂದರೆ ಆ ಗಂಟಿನಿಂದ ಸಾಲ ತಗೋತೀವಿ. ಆಡು ಉಳೀತದೆ, ಮರಿ ಹಾಕ್ತದೆ. ಬಡ್ಡಿ ಸಾವ್ಕಾರನ ಮನೆ ಮೆಟ್ಟಿಲು ಹತ್ತೋದು ತಪ್ಪತದೆ. ಅದಕ್ಕೇ ನಾವು ಹೇಳೋದು, ಮೊದಲು ಸಂಘ, ಆಮೇಲೆ ಆಡು.

ದುಡ್ಡಿನಿಂದ ಆಗದ ಕೆಲಸವೂ ಇದೆ. ಜಟೆ ತೆಗೆಯೋದು ಅಂಥಾ ಕೆಲಸ. ಬಾಚದೆ ತೊಳೆಯದೆ ಬಿಟ್ಟ ಕೂದಲು ಹೊಲಸಾಗಿ ಗಂಟು ಬಿದ್ದು ಜಟೆ ಆಗ್ತದೆ. ಅದಕ್ಕೆ ಭಂಡಾರ ಹಚ್ಚಿ ಪೂಜೆ ಮಾಡ್ತಾರೆ. ಕತ್ತರಿಸಿದರೆ ರಕ್ತ ಕಾರಿ ಸಾಯ್ತಾರೆ ಅಂತ ಹೆದರಿಸ್ತಾರೆ. ಹೊತ್ತವಳ ಕುತ್ತಿಗೆ ನೋಯ್ತದೆ, ತಲೆ ತುಂಬ ಹೇನು, ರಾತ್ರಿ ನಿದ್ದೆ ಇಲ್ಲ. ಆದರೂ ತೆಗೆಸಲು ಭಯ.

ನಮ್ಮವರು ಏನು ಮಾಡ್ತಾರೆ ಕೇಳ್ರಿ. ಭಾಷಣ ಮಾಡೋದಿಲ್ಲ. ಮೊದಲೇ ಜಟೆ ತೆಗೆಸಿಕೊಂಡ ಇಬ್ಬರು ಮೂವರು ಆಕೆಯ ಮನೆಗೆ ಹೋಗ್ತಾರೆ. ತಮ್ಮ ತಲೆ ತೋರಿಸ್ತಾರೆ. "ನೋಡವ್ವಾ, ನಾನು ಸತ್ತೀನೇನು?" ಅಂತಾರೆ. ಆಕೆ ಹೂಂ ಅಂದ ದಿನ ದೇವಿಗೆ ಕೈಮುಗಿದು, ನಿಧಾನಕ್ಕೆ ಕತ್ತರಿಸ್ತಾರೆ. ಬಿಸಿನೀರು ಹಾಕಿ ತಲೆ ತೊಳೀತಾರೆ, ಎಣ್ಣೆ ಹಚ್ಚತಾರೆ. ಅಲ್ಲಿಗೆ ಮುಗಿಯೋದಿಲ್ಲ. ಆ ರಾತ್ರಿ ಒಬ್ಬರು ಆಕೆಯ ಮನೆಯಲ್ಲೇ ಮಲಗ್ತಾರೆ. ಯಾಕಂದ್ರೆ ಭಯ ಬರೋದು ಕತ್ತಲಲ್ಲಿ. ಹೊಟ್ಟೆ ಸ್ವಲ್ಪ ನೊಂದರೂ ದೇವಿ ಮುನಿದಳು ಅನ್ನಿಸ್ತದೆ. ಪಕ್ಕದಲ್ಲಿ ಒಬ್ಬಳು ಇದ್ದರೆ ಬೆಳಗಾಗ್ತದೆ. ದೊಡ್ಡವರು ಪುನರ್ವಸತಿ ಅಂತಾರೆ. ಆ ಶಬ್ದ ಓದೋದು ಕಷ್ಟ, ನಮಗೂ ಕಷ್ಟ ಆಗಿತ್ತು. ನಮ್ಮ ಲೆಕ್ಕದಲ್ಲಿ ಅದರ ಅರ್ಥ ಆ ರಾತ್ರಿ ಪಕ್ಕದಲ್ಲಿ ಮಲಗೋದು.

ರೋಗದ ಮಾತೂ ಹೇಳಬೇಕು. ಎಚ್‌ಐವಿ ನಮ್ಮಲ್ಲಿ ಬಹಳ ಮಂದಿಯನ್ನು ತಿಂದಿತು. ನಾಚಿಕೆಗೆ ಹೆದರಿ ಮನೆಯಲ್ಲೇ ಸತ್ತವರಿದ್ದಾರೆ. 2004ರಿಂದ ನಮ್ಮ ದೇಶದಲ್ಲಿ ಸರಕಾರ ಇದಕ್ಕೆ ಪುಕ್ಕಟೆ ಔಷಧಿ ಕೊಡ್ತಿದೆ. ಎಆರ್‌ಟಿ ಕೇಂದ್ರ ಅಂತ ಸರಕಾರಿ ಆಸ್ಪತ್ರೆಯಲ್ಲಿ ಇರ್ತದೆ. ದಿನಾ ತಪ್ಪದೆ ಗುಳಿಗೆ ತಗೊಂಡರೆ ದುಡಿದು ತಿಂದು ಬಹಳ ವರ್ಷ ಬದುಕಬಹುದು. ಮೊದಲ ಸಲ ಹೋಗುವಾಗ ಸಂಘದ ಒಬ್ಬಳು ಜೊತೆಗೆ ಬಸ್ಸು ಹತ್ತತಾಳೆ.

ಇನ್ನು ಮಕ್ಕಳು. ಒಂದು ಸಾಲೆಯಲ್ಲಿ ನಮ್ಮವಳೊಬ್ಬಳಿಗೆ "ಅಪ್ಪನ ಹೆಸರು ಏನು?" ಅಂತ ಎಲ್ಲರ ಮುಂದೆ ಕೇಳಿದರು. ಆಕೆ ಸುಮ್ಮನೆ ನಿಂತಳು. ಕೇಳಿದವರು ನಕ್ಕರು. ಮಗು ಅವ್ವನ ಮುಖ ನೋಡಿತು. ಮರುದಿನ ಹತ್ತು ಮಂದಿ ಕೂಡಿ ಹೋದೆವು. "ಅವ್ವನ ಹೆಸರು ಬರೀರಿ, ಹೆತ್ತವಳು ಎದುರಿಗೇ ಇದ್ದಾಳೆ" ಅಂದೆವು. ಬರೆದುಕೊಂಡರು. ಒಬ್ಬಳ ಮಾತಿಗೆ ನಗ್ತಾರೆ, ಹತ್ತು ಮಂದಿಗೆ ಕುರ್ಚಿ ಕೊಡ್ತಾರೆ. 2025ರಲ್ಲಿ ಕರ್ನಾಟಕದ ವಿಧಾನಮಂಡಲ ದೇವದಾಸಿಯರ ಬಗ್ಗೆ ಹೊಸ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ದೇವದಾಸಿಯ ಮಕ್ಕಳು ಅರ್ಜಿಯಲ್ಲಿ ಅಪ್ಪನ ಹೆಸರು ಬರೆಯಲೇಬೇಕು ಅಂತ ಇಲ್ಲ ಎಂದು ಅದರಲ್ಲಿ ಹೇಳಿದೆ. ಇದನ್ನು ನೆನಪಿಡ್ರಿ, ಇನ್ನೊಬ್ಬಳಿಗೂ ಹೇಳ್ರಿ.

ಸರಕಾರ 1993-94ರಲ್ಲಿ ಒಮ್ಮೆ, 2007-08ರಲ್ಲಿ ಒಮ್ಮೆ ಮನೆ ಮನೆಗೆ ಹೋಗಿ ಲೆಕ್ಕ ಮಾಡಿತು. ಎರಡೂ ಸೇರಿ 46,660 ಮಂದಿಯ ಹೆಸರು ಸಿಕ್ಕಿತು. ಮಾಸಾಶನ, ಮನೆ, ಸಾಲ, ಎಲ್ಲಕ್ಕೂ ಆ ಪಟ್ಟಿಯನ್ನೇ ನೋಡ್ತಾ ಬಂದರು. ಆ ದಿನ ಕೂಲಿಗೆ ಹೋದವಳ ಹೆಸರು ಬಿಟ್ಟುಹೋಯಿತು. ನಾಚಿಕೆಯಿಂದ ಇಲ್ಲ ಅಂದವಳದೂ ಹೋಯಿತು. ಅವರು ಇನ್ನೂ ಅಲೆದಾಡ್ತಿದ್ದಾರೆ. ಇದು ಸರಿಯಲ್ಲ ಅಂತ ನಾವು ಕಚೇರಿಯಲ್ಲೂ ಹೇಳಿದ್ದೀವಿ, ಇಲ್ಲೂ ಹೇಳ್ತೀವಿ.

ಅಕ್ಷರ ಕಲಿತದ್ದು ನಮಗೆ ಇಲ್ಲೇ ಕೆಲಸಕ್ಕೆ ಬಂತು. ಹೆಬ್ಬೆಟ್ಟು ಒತ್ತುವಾಗ ಎಷ್ಟು ಬಂತು ಅಂತ ಗೊತ್ತಿರಲಿಲ್ಲ. ನಡುವಿನವನು ಕೈಗೆ ಕೊಟ್ಟದ್ದೇ ನಮ್ಮದು. ಈಗ ಪಾಸ್‌ಬುಕ್ಕಿನ ಅಂಕಿ ನಾವೇ ಓದ್ತೀವಿ. ಒಮ್ಮೆ ಓದಲು ಬಂದ ಮೇಲೆ ನಡುವಿನವನು ಮನೆ ಕಡೆ ಬರೋದೇ ಕಡಿಮೆ ಆಯಿತು!

ನಿಮ್ಮೂರಲ್ಲಿ ಮುತ್ತು ಕಟ್ಟೋದು ಇಲ್ಲದೆ ಇರಬಹುದು. ಗಂಡ ಬಿಟ್ಟವಳು ಇದ್ದಾಳೆ. ಹೊಡೆತ ತಿಂದು ತವರಿಗೆ ಹೋಗಲಾರದವಳು ಇದ್ದಾಳೆ. ಆಕೆಗೂ ಇದೇ ದಾರಿ. ಕೆಲವು ನಂಬರು ಹಲಗೆ ಮೇಲೆ ಬರೆದಿದ್ದೀವಿ. ಮಕ್ಕಳಿಗೆ ಕಷ್ಟ ಬಂದರೆ, ಗುಟ್ಟಾಗಿ ಮುತ್ತು ಕಟ್ಟುವ ಸುದ್ದಿ ಸಿಕ್ಕರೆ 1098. ಹೆಂಗಸರ ಸಹಾಯಕ್ಕೆ 181. ಪೊಲೀಸರು ಬೇಕಾದರೆ 112. ಪುಕ್ಕಟೆ ವಕೀಲರು ಬೇಕಾದರೆ 15100. ಹೆಂಗಸರಿಗೆ ವಕೀಲರ ನೆರವು ಕೊಡುವಾಗ ವರಮಾನ ಕೇಳೋದಿಲ್ಲ.

ಈಗ ನಿಮ್ಮ ನಿಮ್ಮ ವಹಿಯಲ್ಲಿ ಈ ನಾಲ್ಕು ನಂಬರು ಬರಕೊಳ್ರಿ. ಬರೆಯಲು ತಡ ಆಗುವವರು ನಿಧಾನಕ್ಕೆ ಬರೀರಿ, ನಾವು ಕಾಯ್ತೀವಿ. ನಮ್ಮ ಬಸ್ಸು ಐದು ಗಂಟೆಗೆ ಇದೆ.