ಸಭಾಕಂಪನ, ಹಿಂಜರಿಕೆ ಮತ್ತು ಗುಂಪು ಚಿಕಿತ್ಸೆ
(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂವಹನ ಮತ್ತು ಸಾಮಾಜಿಕ ಕೌಶಲಗಳನ್ನು ಬೆಳೆಸುವಲ್ಲಿ ಗುಂಪು ಚಿಕಿತ್ಸೆಯ ಪಾತ್ರ ಎಂಬುದು ನನಗೆ ಕೊಟ್ಟಿರುವ ವಿಷಯ. ಹೆಸರು ಕೇಳಿದರೆ ವಿದ್ವಾಂಸರ ಗೋಷ್ಠಿಗೆ ಸಲ್ಲುವ ವಿಷಯವೆನಿಸುತ್ತದೆ. ಆದರೆ ಇದು ಈ ಸಭಾಂಗಣದ ಕೊನೆಯ ಎರಡು ಸಾಲುಗಳಿಗೆ ಸೇರಿದ ವಿಷಯ. ಕೊನೆಯ ಸಾಲಿನಲ್ಲಿ ಕೂರುವವರಲ್ಲಿ ಎರಡು ಬಗೆಯವರಿದ್ದಾರೆ. ಗಲಾಟೆ ಮಾಡಲೆಂದು ಕೂರುವವರು ಕೆಲವರು. ಅವರ ಬಗ್ಗೆ ನನಗೇನೂ ಚಿಂತೆಯಿಲ್ಲ, ಅವರು ಹೇಗೋ ಬದುಕಿಕೊಳ್ಳುತ್ತಾರೆ. ಯಾರ ಕಣ್ಣಿಗೂ ಬೀಳಬಾರದೆಂದು ಕೂರುವವರು ಇನ್ನು ಕೆಲವರು. ನಾನು ಇಂದು ಅವರೊಡನೆ ಮಾತನಾಡಬೇಕಾಗಿದೆ.

'ಮಾತು ಬಲ್ಲವನಿಗೆ ಜಗಳವಿಲ್ಲ' ಎನ್ನುತ್ತದೆ ನಮ್ಮ ಗಾದೆ. ಮಾತು ಬಲ್ಲವನಾಗಿದ್ದೂ ಹೊತ್ತಿಗೆ ಸರಿಯಾಗಿ ಬಾಯಿ ಕಟ್ಟಿಹೋಗುವವನ ಪಾಡೇನು ಎಂದು ಗಾದೆ ಹೇಳುವುದಿಲ್ಲ. ಬರೆಯುವ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದ ಹುಡುಗ ಮೌಖಿಕ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಗೇ ತಡವರಿಸುತ್ತಾನೆ. ವಿದ್ಯಾರ್ಥಿವೇತನದ ಅರ್ಜಿ ಕೈಯಲ್ಲಿ ಹಿಡಿದ ಹುಡುಗಿ ಕಚೇರಿಯ ಕಿಟಕಿಯ ತನಕ ಹೋಗಿ ಗುಮಾಸ್ತರನ್ನು ಕೇಳಲಾರದೆ ಹಿಂತಿರುಗುತ್ತಾಳೆ. ಕೊನೆಯ ದಿನಾಂಕ ದಾಟಿಹೋಗುತ್ತದೆ. ಸೆಮಿನಾರ್ ಕೊಡಬೇಕಾದ ದಿನವೇ ಜ್ವರ ಬರುತ್ತದೆ. ಸಂದರ್ಶನಕ್ಕೆ ಕರೆ ಬಂದ ಕೆಲಸವನ್ನು 'ದೂರವಾಗುತ್ತದೆ' ಎಂಬ ನೆಪ ಹೇಳಿ ಬಿಡಲಾಗುತ್ತದೆ. ಸಂಘವು ಶುಲ್ಕ ಕಟ್ಟಿದರೂ, ಪುಸ್ತಕ ಕೊಡಿಸಿದರೂ, ಈ ಒಂದು ಮೆಟ್ಟಿಲಿನಲ್ಲಿ ನಮ್ಮ ಮಕ್ಕಳು ನಿಂತುಬಿಡುತ್ತಾರೆ.

ಇದಕ್ಕೆ ಭಾಷೆ ಕಾರಣವೆಂದು ಹಲವರು ಹೇಳುತ್ತಾರೆ. ಸ್ವಲ್ಪ ಮಟ್ಟಿಗೆ ನಿಜ. ನಮ್ಮಲ್ಲಿ ಅನೇಕರ ಮನೆಮಾತು ದಖನಿ ಉರ್ದು. ಕರಾವಳಿಯಲ್ಲಿ ಬ್ಯಾರಿ, ಭಟ್ಕಳದ ಕಡೆ ನವಾಯತಿ. ಶಾಲೆಗೆ ಹೋದರೆ ಕನ್ನಡ, ಕಾಲೇಜಿಗೆ ಹೋದರೆ ಇಂಗ್ಲಿಷ್. ದಿನಕ್ಕೆ ಮೂರು ಭಾಷೆ ದಾಟುವ ಮಕ್ಕಳನ್ನು ಭಾಷೆಯಲ್ಲಿ ದಡ್ಡರೆನ್ನುವುದು ಅನ್ಯಾಯ. ಆದರೂ ಒಂದು ಉಚ್ಚಾರ ತಪ್ಪಿದಾಗ ತರಗತಿ ನಕ್ಕಿದ್ದನ್ನು ಅವರು ಮರೆಯುವುದಿಲ್ಲ.

ಹಾಗಾದರೆ ತೊಂದರೆ ಭಾಷೆಯದೋ ಭಯದ್ದೋ ಎಂದು ತಿಳಿಯುವುದು ಹೇಗೆ? ಒಂದು ಸರಳವಾದ ಗುರುತು ಹೇಳುತ್ತೇನೆ. ಕನ್ನಡದಲ್ಲಿ ಬಾಯಿ ಬಿಡದ ಹುಡುಗ ಮದುವೆ ಮನೆಯಲ್ಲಿ ಪರಿಚಯವಿಲ್ಲದ ಹಿರಿಯರೊಡನೆ ತನ್ನ ಮನೆಮಾತಿನಲ್ಲಿ ಸಲೀಸಾಗಿ ಮಾತನಾಡುತ್ತಾನೆಂದರೆ, ಅವನಿಗೆ ಬೇಕಾದದ್ದು ಕನ್ನಡದ ಅಭ್ಯಾಸ. ಅಲ್ಲಿಯೂ ಅವನು ಕಂಬದ ಹಿಂದೆ ನಿಂತು ಊಟ ಮುಗಿಸಿ ಓಡುತ್ತಾನೆಂದರೆ, ಎಷ್ಟು ಸ್ಪೋಕನ್ ಇಂಗ್ಲಿಷ್ ತರಗತಿಗೆ ಸೇರಿಸಿದರೂ ಹೆಚ್ಚಿನ ಪ್ರಯೋಜನವಿಲ್ಲ. ಅವನಿಗಿರುವುದು ಭಯ.

ಈ ಭಯ ಅತಿಯಾಗಿ ಬದುಕಿಗೆ ಅಡ್ಡಬಂದಾಗ ಅದನ್ನು ಮನೋವೈದ್ಯರು ಸಾಮಾಜಿಕ ಆತಂಕ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗಪಟ್ಟಿಯ ಮೂರನೆಯ ಆವೃತ್ತಿಯಲ್ಲಿ, 1980ರಲ್ಲಿ, ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿತು. ಸಾಮಾನ್ಯವಾಗಿ ಇದು ತಲೆ ಹಾಕುವುದು ಹದಿಹರೆಯದಲ್ಲಿ. ಎದೆ ಬಡಿತ, ಬೆವರು, ನಡುಕ ಇವೆಲ್ಲ ಹೊರಗಿನ ಲಕ್ಷಣಗಳು. ಒಳಗಿರುವುದು ಒಂದೇ ಲೆಕ್ಕ: 'ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ನಾನು ಪೆದ್ದನೆಂದು ಅವರಿಗೆ ಗೊತ್ತಾಗಿಬಿಡುತ್ತದೆ.' ಸೆಮಿನಾರಿಗೆ ರಜೆ ಹಾಕಿದ ಕ್ಷಣವೇ ಎದೆಯ ಭಾರ ಇಳಿಯುತ್ತದೆ. ಆದರೆ ಆ ನೆಮ್ಮದಿ ಸಾಲ ತಂದ ಹಣದಂತೆ. ಮುಂದಿನ ಬಾರಿ ಬಡ್ಡಿ ಸೇರಿಸಿ ತೀರಿಸಬೇಕಾಗುತ್ತದೆ. ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತದೆ.

ತಾಯಂದಿರು ಇಲ್ಲಿ ಒಂದು ಮಾತು ಕೇಳಬೇಕು. 'ನಮ್ಮ ಮಗಳು ಬಹಳ ಸಂಭಾವಿತೆ, ತಲೆ ಎತ್ತಿ ಮಾತಾಡುವುದಿಲ್ಲ' ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಹಯಾ ಒಂದು ಗುಣ, ನಾನು ಅದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಹಯಾ ಇರುವ ಹುಡುಗಿ ಬಸ್ಸಿನ ಕಂಡಕ್ಟರ್ ಚಿಲ್ಲರೆ ಕಡಿಮೆ ಕೊಟ್ಟರೆ ಮೆತ್ತಗೆ ಕೇಳಿ ಪಡೆಯುತ್ತಾಳೆ. ಭಯ ಇರುವವಳು ನಷ್ಟವನ್ನು ನುಂಗಿಕೊಂಡು ಇಳಿಯುತ್ತಾಳೆ, ಮನೆಗೆ ಬಂದು ತನ್ನನ್ನೇ ಹಳಿದುಕೊಳ್ಳುತ್ತಾಳೆ. ಸುಮ್ಮನಿರುವುದು ಅವಳ ಆಯ್ಕೆಯೋ ಅಸಹಾಯಕತೆಯೋ ಎಂದು ಹೆತ್ತವರು ನೋಡಬೇಕು.

ಜನರನ್ನು ಕಂಡರೆ ಹೆದರುವವನನ್ನು ಜನರ ನಡುವೆಯೇ ಕೂರಿಸಿ ಗುಣಪಡಿಸುವುದು ಎಂತಹ ವೈದ್ಯ ಎಂದು ನಿಮಗೆ ಅನಿಸಬಹುದು. ಈ ವಿಧಾನ ಹುಟ್ಟಿದ್ದೇ ಒಂದು ಆಕಸ್ಮಿಕದಿಂದ. 1905ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಜೋಸೆಫ್ ಪ್ರಾಟ್ ಎಂಬ ವೈದ್ಯರು ಬಡ ಕ್ಷಯರೋಗಿಗಳಿಗಾಗಿ ವಾರಕ್ಕೊಮ್ಮೆ ಒಂದು ತರಗತಿ ಪ್ರಾರಂಭಿಸಿದರು. ಆಗ ಕ್ಷಯಕ್ಕೆ ಔಷಧವಿರಲಿಲ್ಲ. ಸ್ಯಾನಟೋರಿಯಂಗೆ ಹೋಗಲು ಆ ಜನರ ಬಳಿ ಹಣವಿರಲಿಲ್ಲ. ವಿಶ್ರಾಂತಿ, ಗಾಳಿ, ಆಹಾರದ ವಿಷಯವನ್ನು ಒಬ್ಬೊಬ್ಬರಿಗೆ ಹೇಳುವ ಬದಲು ಇಪ್ಪತ್ತು ಇಪ್ಪತ್ತೈದು ಮಂದಿಗೆ ಒಟ್ಟಿಗೆ ಹೇಳಿದರೆ ಸಮಯ ಉಳಿಯುತ್ತದೆ ಎಂಬುದಷ್ಟೇ ಅವರ ಆಲೋಚನೆ. ಪ್ರತಿ ರೋಗಿಯೂ ತನ್ನ ದಿನಚರಿ, ಜ್ವರದ ಪ್ರಮಾಣ ಬರೆದು ತರಬೇಕಿತ್ತು. ಆದರೆ ತರಗತಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಬೇರೆ ಬೇರೆ ಜನಾಂಗದ, ಬೇರೆ ಬೇರೆ ಧರ್ಮದ ಆ ರೋಗಿಗಳು ಒಬ್ಬರ ಚೇತರಿಕೆ ಕಂಡು ಇನ್ನೊಬ್ಬರು ಧೈರ್ಯ ತಂದುಕೊಂಡರು. ಪಾಠಕ್ಕಿಂತ ಜೊತೆಯಲ್ಲಿ ಕೂತದ್ದೇ ಹೆಚ್ಚು ಕೆಲಸ ಮಾಡುತ್ತಿದೆಯೆಂಬುದು ಪ್ರಾಟ್ ಅವರಿಗೆ ಕ್ರಮೇಣ ಅರಿವಾಯಿತು.

ಮುಂದೆ ವಿಯೆನ್ನಾದಿಂದ ಅಮೆರಿಕಕ್ಕೆ ಬಂದ ಜೇಕಬ್ ಮೊರೆನೊ ಎಂಬ ವೈದ್ಯರು ರೋಗಿಗಳಿಂದ ಅವರವರ ಬದುಕಿನ ಸನ್ನಿವೇಶಗಳನ್ನೇ ನಾಟಕದಂತೆ ಆಡಿಸುವ ಪದ್ಧತಿ ತಂದರು. ಇಂದು ಎಲ್ಲ ತರಬೇತಿಗಳಲ್ಲಿ ಬಳಸುವ ಪಾತ್ರಾಭಿನಯಕ್ಕೆ ಅದೂ ಒಂದು ಮೂಲ. ಗುಂಪಿನಿಂದ ಗುಣವಾಗುವುದು ಹೇಗೆಂದು ವಿವರಿಸಿ ಅರ್ವಿನ್ ಯಾಲಮ್ ಅವರು 1970ರಲ್ಲಿ ಬರೆದ ಗ್ರಂಥ ಇಂದಿಗೂ ಈ ಕ್ಷೇತ್ರದ ಪಠ್ಯಪುಸ್ತಕ. ಅವರು ಎತ್ತಿ ಹೇಳುವ ಅಂಶಗಳಲ್ಲೊಂದು 'ಇದು ನನಗೊಬ್ಬನಿಗೇ ಅಲ್ಲ' ಎಂಬ ಅರಿವು. ನೀವು ಹಾಸ್ಟೆಲಿನಲ್ಲಿ ಹತ್ತು ವರ್ಷ ಉಪದೇಶ ಮಾಡಿದರೂ ಈ ಅರಿವನ್ನು ಬಾಯಿಮಾತಿನಲ್ಲಿ ಕೊಡಲಾಗದು. ಇನ್ನೊಬ್ಬ ಹುಡುಗ ಎದುರಿಗೆ ಕೂತು, 'ಹಾಜರಿ ಕೂಗುವಾಗ ನನ್ನ ಹೆಸರು ಹತ್ತಿರ ಬರುತ್ತಿದ್ದಂತೆ ನನಗೂ ಬೆವರುತ್ತದೆ' ಎಂದಾಗ ಮಾತ್ರ ಅದು ಬರುತ್ತದೆ.

ಇನ್ನು ಚಿಕಿತ್ಸೆಯ ಕೋಣೆಯೊಳಗೆ ಏನು ನಡೆಯುತ್ತದೆಂದು ನೋಡೋಣ. ಅಮೆರಿಕದ ರಿಚರ್ಡ್ ಹೈಮ್‌ಬರ್ಗ್ 1980ರ ದಶಕದಲ್ಲಿ ರೂಪಿಸಿದ ಕ್ರಮ ಹೆಚ್ಚು ಪ್ರಸಿದ್ಧವಾದದ್ದು. ಸುಮಾರು ಆರು ಮಂದಿ ಸದಸ್ಯರು, ಇಬ್ಬರು ಚಿಕಿತ್ಸಕರು, ವಾರಕ್ಕೊಂದು ಬಾರಿ ಎರಡೂವರೆ ಗಂಟೆಯಂತೆ ಹನ್ನೆರಡು ವಾರ. ಕುರ್ಚಿಗಳು ವೃತ್ತಾಕಾರದಲ್ಲಿರುತ್ತವೆ, ಆದ್ದರಿಂದ ಕೊನೆಯ ಸಾಲು ಎಂಬುದೇ ಇರುವುದಿಲ್ಲ. ಮೊದಲ ದಿನವೇ ಒಂದು ಕರಾರು: ಇಲ್ಲಿ ಕೇಳಿದ್ದು ಇಲ್ಲಿಯೇ ಉಳಿಯಬೇಕು. ನಮ್ಮ ಊರುಗಳಲ್ಲಿ ಇದು ಬಹಳ ಮುಖ್ಯ. ಎಲ್ಲರೂ ಎಲ್ಲರಿಗೂ ಸಂಬಂಧಿಕರಾಗಿರುವ ಕಡೆ ಗುಂಪಿನ ಮಾತು ಸಂಜೆಯ ಹೊತ್ತಿಗೆ ಮೊಹಲ್ಲಾ ಮುಟ್ಟಿದರೆ ಆ ಗುಂಪು ಅಂದಿಗೇ ಮುಗಿಯಿತು. ಹತ್ತಿರದ ಬಂಧುಗಳನ್ನೂ ಒಂದೇ ಕೋಣೆಯ ಗೆಳೆಯರನ್ನೂ ಒಂದು ಗುಂಪಿಗೆ ಹಾಕದಿರುವುದೇ ಲೇಸು.

ಮೊದಲ ವಾರಗಳಲ್ಲಿ ತಮ್ಮ ಭಯದ ಲೆಕ್ಕ ಬರೆಯಲು ಕಲಿಸುತ್ತಾರೆ. ಆಮೇಲೆ ಪಾತ್ರಾಭಿನಯ. ಉದಾಹರಣೆಗೆ, ಒಬ್ಬ ವಿದ್ಯಾರ್ಥಿಗೆ ಸಂದರ್ಶನದ ಭಯ ಎಂದಿಟ್ಟುಕೊಳ್ಳೋಣ. ಒಂದು ಮೇಜು ಹಾಕುತ್ತಾರೆ, ಗುಂಪಿನವರೇ ಇಬ್ಬರು ಅಧಿಕಾರಿಗಳಾಗುತ್ತಾರೆ. ಆರಂಭಕ್ಕೆ ಮೊದಲು ಅವನನ್ನು ಕೇಳುತ್ತಾರೆ: 'ಏನಾಗುತ್ತದೆ ಅಂದುಕೊಂಡಿದ್ದೀಯ?' 'ನನ್ನ ಕೈ ನಡುಗುವುದನ್ನು ನೋಡಿ ಎಲ್ಲರೂ ನಗುತ್ತಾರೆ' ಎನ್ನುತ್ತಾನೆ. ಸೊನ್ನೆಯಿಂದ ನೂರರವರೆಗಿನ ಅಳತೆಯಲ್ಲಿ ಭಯ ಎಷ್ಟೆಂದರೆ 'ತೊಂಬತ್ತು' ಎನ್ನುತ್ತಾನೆ. ಸಂದರ್ಶನ ನಡೆಯುತ್ತದೆ, ನಿಮಿಷಕ್ಕೊಮ್ಮೆ ಅವನ ಅಂಕ ಕೇಳುತ್ತಾರೆ. ತೊಂಬತ್ತು, ಎಂಬತ್ತೈದು, ಎಪ್ಪತ್ತು. ಓಡಿಹೋಗದೆ ಕುಳಿತರೆ ಭಯ ತಾನಾಗಿ ಇಳಿಯುತ್ತದೆಂಬುದನ್ನು ಅವನ ಬಾಯಿಂದಲೇ ಅವನು ಕೇಳುತ್ತಾನೆ. ಮುಗಿದ ಮೇಲೆ ನೋಡಿದವರನ್ನು ಪ್ರಶ್ನಿಸುತ್ತಾರೆ: 'ಕೈ ನಡುಗಿದ್ದು ಎಷ್ಟು ಮಂದಿಗೆ ಕಂಡಿತು?' ಸಾಮಾನ್ಯವಾಗಿ ಒಬ್ಬಿಬ್ಬರು ಕೈ ಎತ್ತುತ್ತಾರೆ. ಒಬ್ಬನು ಹೇಳುತ್ತಾನೆ, 'ಕೈ ನಾನು ನೋಡಲೇ ಇಲ್ಲ. ನೀನು ನಮ್ಮ ಮುಖ ನೋಡದೆ ಮೇಜು ನೋಡಿದೆ, ಅದು ಮಾತ್ರ ಕಂಡಿತು.'

ನನ್ನ ಇಡೀ ಭಾಷಣದಲ್ಲಿ ನೀವು ಒಂದನ್ನೇ ಇಟ್ಟುಕೊಳ್ಳುವುದಾದರೆ ಈ ಉತ್ತರವನ್ನು ಇಟ್ಟುಕೊಳ್ಳಿ. ಹೆದರಿದವನ ಗಮನವೆಲ್ಲ ತನ್ನ ಮೇಲೆಯೇ ಇರುತ್ತದೆ. ತನ್ನ ಎದೆ, ತನ್ನ ಧ್ವನಿ, ತನ್ನ ಕೈ. ಎದುರಿಗಿರುವವರು ಕೇಳಿದ ಪ್ರಶ್ನೆ ಅರ್ಧ ಮಾತ್ರ ಕಿವಿಗೆ ಬಿದ್ದಿರುತ್ತದೆ. ಬ್ರಿಟನ್ನಿನ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಇದನ್ನು ವಿವರವಾಗಿ ತೋರಿಸಿಕೊಟ್ಟರು. ನಡುಕ ಕಾಣದಿರಲೆಂದು ಲೋಟವನ್ನು ಬಿಗಿಯಾಗಿ ಹಿಡಿಯುವುದು, ತಪ್ಪಾಗದಿರಲೆಂದು ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಎರಡು ಸಲ ಕಟ್ಟಿ ಆಮೇಲೆ ಹೇಳುವುದು, ಕಣ್ಣು ತಪ್ಪಿಸುವುದು, ಇವೆಲ್ಲ ರಕ್ಷಣೆಯೆಂದು ಮಾಡುವ ಕೆಲಸಗಳೇ. ಆದರೆ ಬಿಗಿ ಹಿಡಿದಷ್ಟೂ ಲೋಟ ಹೆಚ್ಚು ನಡುಗುತ್ತದೆ, ಕಣ್ಣು ತಪ್ಪಿಸಿದಷ್ಟೂ ಎದುರಿನವರು ಇವನಿಗೆ ನಮ್ಮ ಬಗ್ಗೆ ಅಸಡ್ಡೆ ಎಂದುಕೊಳ್ಳುತ್ತಾರೆ. ಇದನ್ನು ಕನ್ನಡಿ ತೋರಿಸಲಾರದು. ತಾಯಿ ಹೇಳಿದರೆ ಪ್ರೀತಿಯಿಂದ ಹೇಳಿದಳು ಎನಿಸುತ್ತದೆ. ಅದೇ ಭಯದಲ್ಲಿ ಬೆಂದ ಐದು ಮಂದಿ ಅಪರಿಚಿತರು ಹೇಳಿದಾಗ ಮನಸ್ಸು ನಂಬುತ್ತದೆ. ವಿಡಿಯೋ ತೆಗೆದು ತೋರಿಸುವ ಕ್ರಮವೂ ಇದೆ.

ಮನೆಪಾಠವೂ ಉಂಟು. ಈ ವಾರ ಅಂಗಡಿಯಲ್ಲಿ ಬೆಲೆ ಕೇಳಿ ಏನೂ ಕೊಳ್ಳದೆ ಬರಬೇಕು, ಮುಂದಿನ ವಾರ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಬೇಕು. ಕೋಣೆಯಲ್ಲಿ ಕಲಿತದ್ದು ಬೀದಿಯಲ್ಲಿ ಬಳಕೆಯಾಗದಿದ್ದರೆ ದಡದಲ್ಲಿ ನಿಂತು ಈಜು ಹೊಡೆದಂತೆ.

ಇಷ್ಟು ಹೇಳಿದೆನೆಂದು ಇದು ಎಲ್ಲರಿಗೂ ಮದ್ದು ಎಂದು ಭಾವಿಸಬೇಡಿ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2013ರಲ್ಲಿ, ಸಾಮಾಜಿಕ ಆತಂಕವಿರುವ ವಯಸ್ಕರಿಗೆ ಮೊದಲು ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ಕೊಡುವ ಚಿಕಿತ್ಸೆಯನ್ನೇ ನೀಡಬೇಕೆಂದು ಸಲಹೆ ಮಾಡಿತು. ತೀವ್ರ ಖಿನ್ನತೆ ಇರುವವರನ್ನು, ಸಾಯುವ ಮಾತಾಡುವವರನ್ನು ನೇರವಾಗಿ ಗುಂಪಿಗೆ ತರಬಾರದು. ಅವರು ಅಂದೇ ವೈದ್ಯರನ್ನು ಕಾಣಬೇಕು. ಉಗ್ಗು ಇರುವವರಿಗೆ ವಾಕ್ ತಜ್ಞರು ಬೇಕು. ಅದಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಬಾಗಿಲಲ್ಲೇ ಇದೆ. ಆಟಿಸಂ ಇರುವ ಹದಿಹರೆಯದವರ ಗುಂಪುಗಳ ರೀತಿಯೇ ಬೇರೆ. ಅಲ್ಲಿ ಮಾತಿಗೆ ಹೇಗೆ ಸೇರಿಕೊಳ್ಳಬೇಕು, ಯಾವಾಗ ಬಿಡಬೇಕು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಕಲಿಸಬೇಕಾಗುತ್ತದೆ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ 'ಪೀರ್ಸ್' ಎಂಬ ಕ್ರಮದಲ್ಲಿ ಮಕ್ಕಳ ಗುಂಪು ಒಂದು ಕೋಣೆಯಲ್ಲಿ, ಹೆತ್ತವರ ಗುಂಪು ಇನ್ನೊಂದು ಕೋಣೆಯಲ್ಲಿ ಕುಳಿತುಕೊಳ್ಳುತ್ತದೆ. ಹೆತ್ತವರಿಗೂ ಪಾಠ ಬೇಕೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ವ್ಯಕ್ತಿತ್ವ ವಿಕಸನ ಶಿಬಿರಗಳ ಬಗ್ಗೆಯೂ ಒಂದು ಮಾತು. ಮುನ್ನೂರು ಮಕ್ಕಳನ್ನು ಒಂದು ಸಭಾಂಗಣದಲ್ಲಿ ಕೂರಿಸಿ 'ಧೈರ್ಯವಾಗಿ ಮಾತನಾಡಿ' ಎಂದು ಮೂರು ಗಂಟೆ ಹೇಳುವುದರಿಂದ ಮಾತು ಬರುವುದು ಹೇಳುವವರಿಗೆ ಮಾತ್ರ. (ನಾನೂ ಈಗ ಅದನ್ನೇ ಮಾಡುತ್ತಿದ್ದೇನೆ ಎಂದು ಹಿಂದಿನ ಸಾಲಿನವರು ನಗುತ್ತಿರುವುದು ಕಾಣಿಸುತ್ತಿದೆ.) ಅದೇ ಹಣದಲ್ಲಿ ಸಂಘವು ತನ್ನ ಹಾಸ್ಟೆಲಿನಲ್ಲಿ ಎಂಟು ಎಂಟು ಮಂದಿಯ ಮಾತಿನ ಕೂಟಗಳನ್ನು ವಾರಕ್ಕೊಂದರಂತೆ ನಡೆಸಬಹುದು. ಹುಡುಗಿಯರಿಗೆ ಬೇರೆ ಕೂಟ ಬೇಕೆಂದರೆ ಹಾಗೆಯೇ ಮಾಡಿ, ಆದರೆ ಅದನ್ನು ಮಾಡದೆ ಬಿಡಬೇಡಿ. ಯಾವ ಭಾಷೆಯಲ್ಲಿ ಆರಂಭಿಸಿದರೂ ಸರಿ. ಮೊದಲು ಬಾಯಿ ತೆರೆಯಲಿ. ಇದು ಅಭ್ಯಾಸವೇ ಹೊರತು ಚಿಕಿತ್ಸೆಯಲ್ಲ ಎಂಬುದು ನಡೆಸುವವರಿಗೆ ನೆನಪಿರಬೇಕು. ಕೂಟಕ್ಕೂ ಬರಲಾರದೆ ಬಾಗಿಲಿನಿಂದಲೇ ಹಿಂತಿರುಗುವವರು ಯಾರೆಂದು ವಾರ್ಡನ್ ಗಮನಿಸಬೇಕು. ಚಿಕಿತ್ಸೆ ಬೇಕಾದವರು ಅವರು.

ಅಂಥವರು ಎಲ್ಲಿಗೆ ಹೋಗಬೇಕು? ಬೆಂಗಳೂರಿನ ನಿಮ್ಹಾನ್ಸ್ ಎಲ್ಲರಿಗೂ ಗೊತ್ತು. ಜಿಲ್ಲೆಗಳಿಗೂ ಮಾನಸಿಕ ಆರೋಗ್ಯ ಸೇವೆ ತಲುಪಬೇಕೆಂದು ಇದೇ ನಿಮ್ಹಾನ್ಸ್ 1985ರಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ನಡೆಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಆದ್ದರಿಂದ ಮೊದಲು ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಗುಂಪು ಚಿಕಿತ್ಸೆ ಎಲ್ಲ ಕಡೆ ಸಿಗುವುದಿಲ್ಲ, ಆದರೆ ನಿಮಗೆ ಯಾವುದು ಬೇಕೆಂದು ಹೇಳುವವರು ಸಿಗುತ್ತಾರೆ. ಅಷ್ಟು ದೂರ ಹೋಗಲು ಅಳುಕಿದ್ದರೆ, 2022ರ ಅಕ್ಟೋಬರ್‌ನಲ್ಲಿ ಪ್ರಾರಂಭವಾದ ಟೆಲಿಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಫೋನಿನಲ್ಲಿ ಮಾತನಾಡುವುದೇ ಭಯವೆನ್ನುವವರು ಹೇಳಬೇಕಾದ ಎರಡು ವಾಕ್ಯಗಳನ್ನು ಚೀಟಿಯಲ್ಲಿ ಬರೆದುಕೊಂಡು ಓದಿರಿ. ವಾಕ್ಯವನ್ನು ಮೊದಲೇ ಕಟ್ಟಿಕೊಳ್ಳುವುದು ಒಳ್ಳೆಯದಲ್ಲವೆಂದು ಈಗಷ್ಟೇ ಹೇಳಿದೆ, ನಿಜ. ಮೊದಲ ಕರೆಗೆ ಅಷ್ಟು ರಿಯಾಯಿತಿ ಇರಲಿ.