ಹಳೆಯ ಗಣಕಕ್ಕೆ ಜಾಲದ ಸಾರಥಿ

ದೇವರಮನೆಯ ಸುತ್ತಿನ ತೋಟದ ಮನೆಯೊಂದರಲ್ಲಿ ಹಳೆಯ ಗಣಕವಿದೆಯೆನ್ನಿ. ವಿಂಡೋಸ್ ಎಕ್ಸ್‌ಪಿಯನ್ನು ಮತ್ತೆ ಹಾಕಿದ್ದಾಯಿತು. ಜಾಲದ ತಂತಿ ಚುಚ್ಚಿದರೂ ಅದು ಮೂಕ. ಕಾರ್ಡು ಕೆಟ್ಟಿತೆಂದು ಎಸೆಯಬೇಡಿ. ಅದರ ಮಾತನ್ನು ಗಣಕಕ್ಕೆ ತಿಳಿಸುವ ಡ್ರೈವರ್ ಇಲ್ಲ, ಅಷ್ಟೆ. ಆ ಡ್ರೈವರೋ, ಇರುವುದು ಜಾಲದಲ್ಲಿ! ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿನ ಸಾಲನ್ನು ತೆರೆದು ಹಾರ್ಡ್‌ವೇರ್ ಐಡಿಯನ್ನು ಬರೆದುಕೊಳ್ಳಿ. ತಯಾರಕ 10ಇಸಿ, ಸಾಧನ 8168 ಎಂದಿದ್ದರೆ ಅದು ರಿಯಲ್‌ಟೆಕ್. ಮೂಡಿಗೆರೆಗೆ ಇಳಿದಾಗ ತಯಾರಕರ ತಾಣದಿಂದಲೇ, 32 ಬಿಟ್ಟೋ 64 ಬಿಟ್ಟೋ ನೋಡಿ, ಪೆನ್‌ಡ್ರೈವಿನಲ್ಲಿ ತನ್ನಿ; ಬಿಚ್ಚಿದ ಕಡತವಿರುವ ಜಾಗವನ್ನು ಗಣಕಕ್ಕೆ ತೋರಿಸಿ. ಎಕ್ಸ್‌ಪಿಗೆ ರಕ್ಷಣೆ 2014ರಲ್ಲೇ ನಿಂತಿದೆ. ಬ್ಯಾಂಕಿನ ವ್ಯವಹಾರ ಅದರಲ್ಲಿ ಖಂಡಿತ ಬೇಡ. ಐಪಿ ವಿಳಾಸವನ್ನು ತಾನಾಗಿ ಪಡೆಯಲು ಬಿಡಿ. ಅದು 169.254 ಎಂದು ಮೊದಲಾದರೆ ಡ್ರೈವರ್ ಕೂತಿದೆ, ರೂಟರ್ ಉತ್ತರಿಸುತ್ತಿಲ್ಲ. ಇನ್ನು ತಂತಿಯನ್ನು ನೋಡಿ.